ಮಗಳಿಗೊಂದು ಪಾಸ್‌ಬುಕ್: ಸೊಸೈಟಿಯೋ, ಪೋಸ್ಟಾಫೀಸೋ, ಬ್ಯಾಂಕೋ?

ನಮ್ಮ ಕಡೆ ಮಕ್ಕಳ ಕೈಗೆ ನಾಲ್ಕು ಕಾಸು ಬರುವ ಕಾಲ ಅಂದರೆ ಏಪ್ರಿಲ್-ಮೇ. ಪುನರ್ಪುಳಿ ಹಣ್ಣಾಗಿ ಉದುರುತ್ತದೆ, ಶಾಲೆಗೆ ರಜೆ. ಹೆಕ್ಕಿ, ಸಿಪ್ಪೆ ಒಣಗಿಸಿ ಅಂಗಡಿಗೆ ಕೊಟ್ಟರೆ ಆ ಹಣ ಮಕ್ಕಳದ್ದೇ ಎಂಬುದು ಹಲವು ಮನೆಗಳಲ್ಲಿ ನಡೆದು ಬಂದ ಕ್ರಮ. ಬಿದ್ದ ಅಡಿಕೆ ಹೆಕ್ಕಿದ್ದಕ್ಕೂ ಕೆಲವರು ಮಕ್ಕಳಿಗೆ ಲೆಕ್ಕ ಹಾಕಿ ಕೊಡುವುದುಂಟು. ಹಿಂದೆ ಈ ಹಣ ಡಬ್ಬಿಗೆ ಹೋಗಿ, ಅಲ್ಲಿಂದ ಜಾತ್ರೆಗೆ ಹೋಗುತ್ತಿತ್ತು. ಈಗ ಹಾಗಲ್ಲ. ಹೈಸ್ಕೂಲು ದಾಟುವ ಹೊತ್ತಿಗೆ ಮಕ್ಕಳ ಹೆಸರಿನಲ್ಲಿ ಒಂದು ಖಾತೆ ಇಲ್ಲದೆ ಆಗುವುದಿಲ್ಲ. ಸ್ಕಾಲರ್‌ಶಿಪ್ ಹಣ ನೇರ ಖಾತೆಗೇ ಬರುವುದು. 2021ರಲ್ಲಿ ರಾಜ್ಯ ಸರಕಾರ ಶುರುಮಾಡಿದ ರೈತ ವಿದ್ಯಾನಿಧಿಯೂ ಹಾಗೆಯೇ ಬಂದದ್ದು.

ನನ್ನ ಮಗಳಿಗೆ ಈಗ 15 ವರ್ಷ. ಅವಳ ಡಬ್ಬಿಯಲ್ಲಿ ಎರಡು ಬೇಸಗೆಯ ಪುನರ್ಪುಳಿ ಹಣ, ಅಜ್ಜಿ ಕೊಟ್ಟದ್ದು ಎಲ್ಲ ಸೇರಿ ನಾಲ್ಕು ಸಾವಿರ ಚಿಲ್ಲರೆ ಇತ್ತು. ಎಲ್ಲಿ ಖಾತೆ ಮಾಡುವುದು ಎಂದು ಮನೆಯಲ್ಲಿ ಮಾತು ಬಂದಾಗ ಮೂವರದ್ದು ಮೂರು ದಾರಿ. ಅಪ್ಪ, ಅಂದರೆ ಮಗಳ ಅಜ್ಜ, 'ನಮ್ಮ ಸೊಸೈಟಿ ಇಲ್ವಾ? ಬಡ್ಡಿ ಜಾಸ್ತಿ, ಗೊತ್ತಿದ್ದ ಮುಖ' ಎಂದರು. ಹೆಂಡತಿಗೆ ಪೋಸ್ಟಾಫೀಸು, ನಡೆದರೆ ಹತ್ತು ನಿಮಿಷದ ದಾರಿ. ಮಗಳಿಗೆ ಎಟಿಎಂ ಕಾರ್ಡು ಬೇಕು. 'ಕ್ಲಾಸಿನಲ್ಲಿ ಎಲ್ಲರ ಹತ್ರ ಉಂಟು ಅಪ್ಪ' ಎಂದಳು. ಎಲ್ಲರ ಹತ್ತಿರ ಇಲ್ಲ, ವಿಚಾರಿಸಿದೆ. ಇಬ್ಬರ ಹತ್ತಿರ ಉಂಟು.

ಒಂದು ವಾರ ಮಳೆ ಬಂದು ತೋಟದ ಕೆಲಸ ನಿಂತಿತ್ತು. ಆ ಬಿಡುವಿನಲ್ಲಿ ನಾಲ್ಕು ಕಡೆ ಹೋಗಿ ಕೇಳಿ ಬಂದೆ. ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಹುಡುಕುವವರು ಇನ್ನೂ ಇದ್ದಾರು.

ಹತ್ತು ವರ್ಷವಾದರೆ ಸಾಕು

ಹೆಚ್ಚಿನವರಿಗೆ ಇರುವ ತಪ್ಪು ತಿಳುವಳಿಕೆ ಎಂದರೆ 18 ಆಗದೆ ಮಕ್ಕಳೇ ಖಾತೆ ನಡೆಸುವ ಹಾಗಿಲ್ಲ ಎಂಬುದು. ಹಾಗಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮದೇ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು, ತಾವೇ ಸಹಿ ಹಾಕಿ ಹಣ ಕಟ್ಟಬಹುದು, ತೆಗೆಯಬಹುದು. ರಿಸರ್ವ್ ಬ್ಯಾಂಕ್ ಇದನ್ನು 2014ರಲ್ಲೇ ಹೇಳಿತ್ತು. 2025ರ ಏಪ್ರಿಲ್ 21ರಂದು ಹೊಸ ಸುತ್ತೋಲೆ ಹೊರಡಿಸಿ, ಆ ವರ್ಷದ ಜುಲೈ 1ರ ಒಳಗೆ ಎಲ್ಲ ಬ್ಯಾಂಕುಗಳೂ ತಮ್ಮ ನಿಯಮ ಸರಿಮಾಡಿಕೊಳ್ಳಬೇಕು ಎಂದಿತು. ಎಷ್ಟು ಹಣದ ವರೆಗೆ ಮಗುವೇ ನಡೆಸಬಹುದು, ಕಾರ್ಡು, ಚೆಕ್ ಪುಸ್ತಕ ಕೊಡಬೇಕೇ ಬೇಡವೇ ಎಂಬುದನ್ನು ಆಯಾ ಬ್ಯಾಂಕಿನ ತೀರ್ಮಾನಕ್ಕೆ ಬಿಟ್ಟಿದೆ. ಹಾಗಾಗಿ ಒಂದು ಬ್ಯಾಂಕಿನಲ್ಲಿ ಇರುವ ಕ್ರಮ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಕೇಳಿಯೇ ತಿಳಿಯಬೇಕು.

ನಾನು ಹೋದ ಒಂದು ಶಾಖೆಯಲ್ಲಿ ಕೌಂಟರಿನವರು 'ತಂದೆ ಜಾಯಿಂಟ್ ಇಲ್ಲದೆ ಆಗ್ಲಿಕ್ಕಿಲ್ಲ' ಎಂದು ಕೈಬಿಟ್ಟರು. ಸುತ್ತೋಲೆಯ ಮಾತು ಎತ್ತಿದ ಮೇಲೆ ಒಳಗೆ ಹೋಗಿ ಕೇಳಿ ಬಂದು ಫಾರಂ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಒಂದೆರಡು ಇಂಥ ಖಾತೆ ಬಂದರೆ ತಾನೇ ನೆನಪಿರುವುದು. ಆದರೆ ಮೊದಲ ಉತ್ತರಕ್ಕೆ ಹಿಂದೆ ಬರುವುದು ಬೇಡ.

ಹತ್ತಕ್ಕಿಂತ ಸಣ್ಣ ಮಕ್ಕಳಿಗೆ ಪೋಷಕರು ಬೇಕು. ಪೋಷಕರು ಎಂದರೆ ಅಪ್ಪನೇ ಆಗಬೇಕಿಲ್ಲ, ತಾಯಿಯೂ ಆಗಬಹುದು. 1984ರಲ್ಲಿ ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ಅರ್ಜಿ ಹಾಕಿದಾಗ ಅಪ್ಪನ ಸಹಿ ಬೇಕೆಂದು ವಾಪಸು ಬಂದಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರಲ್ಲಿ ತೀರ್ಪು ಬಂದು, ತಾಯಿಯೂ ಸಹಜ ಪೋಷಕಿ ಆಗಬಹುದೆಂದು ಗಟ್ಟಿಯಾಯಿತು. ಗಂಡ ದೂರದ ಊರಲ್ಲಿ ದುಡಿಯುವ ಎಷ್ಟೋ ಮನೆಗಳಿವೆ. ಅಂಥವರು ಇದನ್ನು ನೆನಪಿಡುವುದು ಒಳ್ಳೆಯದು.

ಸೊಸೈಟಿಯ ಪ್ರಶ್ನೆ

ಅಪ್ಪನ ಮಾತು ತಳ್ಳಿಹಾಕುವಂಥದ್ದಲ್ಲ. ನಮ್ಮ ಬೆಳೆಸಾಲ, ಗೊಬ್ಬರ, ರೇಶನ್ ಎಲ್ಲ ಸೊಸೈಟಿಯದ್ದೇ. ಅಲ್ಲಿಯ ಗುಮಾಸ್ತರು ಮನೆಯ ಮದುವೆಗೆ ಬರುವವರು. ಬಡ್ಡಿಯೂ ಬ್ಯಾಂಕಿಗಿಂತ ಹೆಚ್ಚು. ನಾನೂ ಸದಸ್ಯ, ಠೇವಣಿಯೂ ಉಂಟು.

ಆದರೆ ಒಂದು ಸಂಗತಿ ಎಷ್ಟೋ ರೈತರಿಗೆ ಗೊತ್ತಿಲ್ಲ. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಠೇವಣಿ ವಿಮೆ ಉಂಟು. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ ವಿಮಾ ನಿಗಮ ಕೊಡುತ್ತದೆ. 2020ರ ಫೆಬ್ರವರಿ 4ರ ವರೆಗೆ ಇದು 1 ಲಕ್ಷ ಮಾತ್ರ ಇತ್ತು. ರಾಷ್ಟ್ರೀಕೃತ ಬ್ಯಾಂಕು, ಖಾಸಗಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಸಹಕಾರಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು ಎಲ್ಲಕ್ಕೂ ಇದು ಅನ್ವಯ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಕ್ಕೆ ಇಲ್ಲ. ಅಂದರೆ ನಾವು ಸೊಸೈಟಿ ಎನ್ನುವುದಕ್ಕೆ ಇಲ್ಲ. ಪೇಟೆಯಲ್ಲಿ ಬೋರ್ಡು ಹಾಕಿದ ಸೌಹಾರ್ದ ಸಹಕಾರಿಗಳಿಗೂ ಇಲ್ಲ. ಒಳಗೆ ಕೌಂಟರು, ಪಾಸ್‌ಬುಕ್ಕು, ಪಿಗ್ಮಿ ಎಲ್ಲ ಬ್ಯಾಂಕಿನ ಹಾಗೆಯೇ ಇರಬಹುದು, ವಿಮೆ ಮಾತ್ರ ಇರುವುದಿಲ್ಲ. ಒಳ್ಳೆಯ ಆಡಳಿತ ಇದ್ದರೆ ಸೊಸೈಟಿ ಮೂರು ತಲೆಮಾರು ನಿಲ್ಲುತ್ತದೆ, ನಮ್ಮದು ನಿಂತಿದೆ. ಆದರೆ ಆ ಭರವಸೆ ಆಡಳಿತದ ಮೇಲಿನದ್ದು. ನಾವು ಸದಸ್ಯರು ಮಹಾಸಭೆಗೆ ಹೋಗಿ ಲೆಕ್ಕ ಕೇಳಬಹುದು. 15ರ ಹುಡುಗಿ ಕೇಳುವ ಹಾಗಿಲ್ಲ.

ಇನ್ನೊಂದು, ಸ್ಕಾಲರ್‌ಶಿಪ್ ಹಣ ಆಧಾರ್ ಮೂಲಕ ಬರುವುದರಿಂದ ಅದಕ್ಕೆ ಬ್ಯಾಂಕಿನದ್ದೇ ಖಾತೆ ಬೇಕು. ಇದನ್ನು ಹೇಳಿದ ಮೇಲೆ ಅಪ್ಪ 'ಹಾಗಾದ್ರೆ ಹೋಗಿ, ನನ್ನದು ಅಲ್ಲೇ ಇರ್ಲಿ' ಎಂದರು.

ಪೋಸ್ಟಾಫೀಸಿನ ಲಾಭ, ತೊಡಕು

ಪೋಸ್ಟಾಫೀಸಿನ ಉಳಿತಾಯ ಖಾತೆಯನ್ನೂ ಹತ್ತು ದಾಟಿದ ಮಕ್ಕಳು ತಾವೇ ತೆರೆದು ನಡೆಸಬಹುದು. 500 ರೂ. ಕಟ್ಟಿದರೆ ಆಯಿತು. ಬಡ್ಡಿ ವರ್ಷಕ್ಕೆ ಶೇ. 4. ಸರಕಾರದ್ದೇ ಆದ ಕಾರಣ ಮುಳುಗುವ ಹೆದರಿಕೆಯಿಲ್ಲ. ಬ್ಯಾಂಕುಗಳ ಉಳಿತಾಯ ಬಡ್ಡಿ ಇಳಿಯುತ್ತಲೇ ಬಂದಿದೆ. ಸ್ಟೇಟ್ ಬ್ಯಾಂಕ್ 2025ರ ಜೂನ್‌ನಲ್ಲಿ ಶೇ. 2.5ಕ್ಕೆ ಇಳಿಸಿತು. 10 ಸಾವಿರ ರೂ. ಒಂದು ವರ್ಷ ಹಾಗೇ ಇದ್ದರೆ ಅಲ್ಲಿ 400, ಇಲ್ಲಿ 250. ವ್ಯತ್ಯಾಸ 150 ರೂಪಾಯಿ. ಪೇಟೆಯ ಬ್ಯಾಂಕಿಗೆ ಬಸ್ಸಿನಲ್ಲಿ ನಾಲ್ಕು ಸಲ ಹೋಗಿ ಬಂದರೆ ಅದು ಮುಗಿಯಿತು. ಹತ್ತಿರದ ಪೋಸ್ಟಿನ ನಿಜವಾದ ಲಾಭ ಇಲ್ಲಿರುವುದು.

ಒಂದು ಗುಟ್ಟು ಪೋಸ್ಟ್ ಮಾಸ್ಟ್ರು ಹೇಳಿದ್ದು. ಅವರಲ್ಲಿ ಬಡ್ಡಿ ಲೆಕ್ಕ ಹಾಕುವುದು ತಿಂಗಳ 10ರಿಂದ ಕೊನೆಯ ದಿನದ ವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತದ ಮೇಲೆ. ಹಾಗಾಗಿ ಕಟ್ಟುವುದಾದರೆ 10ರ ಮೊದಲು ಕಟ್ಟಬೇಕು, ತೆಗೆಯುವುದಾದರೆ ತಿಂಗಳು ಕಳೆದ ಮೇಲೆ ತೆಗೆಯಬೇಕು. ಬ್ಯಾಂಕಿನಲ್ಲಿ 2010ರಿಂದ ದಿನದ ಲೆಕ್ಕ. ಇದನ್ನು ಮಗಳಿಗೆ ಹೇಳಿದ್ದೇ ತಡ, ಲೆಕ್ಕದ ಪುಸ್ತಕ ತಂದು ಗುಣಿಸಿ ನೋಡಿದಳು. ಶಾಲೆಯಲ್ಲಿ ಬಡ್ಡಿ ಲೆಕ್ಕ ಕಲಿತದ್ದು ಅಂದಿಗೆ ಉಪಯೋಗಕ್ಕೆ ಬಂತು.

ಅಲ್ಲಿ 500 ಕಡಿಮೆಯಾಗಬಾರದು ಎಂಬ ನಿಯಮ ಉಂಟು. ಆರ್ಥಿಕ ವರ್ಷದ ಕೊನೆಗೆ ಅಷ್ಟಿಲ್ಲದಿದ್ದರೆ ಶುಲ್ಕ ಮುರಿಯುತ್ತಾರೆ. ನಮ್ಮಂಥ ಸಣ್ಣ ಬ್ರಾಂಚ್ ಪೋಸ್ಟಾಫೀಸಿನಲ್ಲಿ ಎಟಿಎಂ ಇಲ್ಲ. ನೆಟ್‌ವರ್ಕ್ ಇಲ್ಲದ ದಿನ ಕೆಲಸವೂ ಇಲ್ಲ. ಸ್ಕಾಲರ್‌ಶಿಪ್ಪಿಗೆ ಪೋಸ್ಟಿನವರ ಪೇಮೆಂಟ್ಸ್ ಬ್ಯಾಂಕ್ ಖಾತೆಯಾಗುತ್ತದೆ. 2018ರಲ್ಲಿ ಶುರುವಾದದ್ದು, ಪೋಸ್ಟ್‌ಮ್ಯಾನ್ ಮನೆಗೇ ಬಂದು ಬೆರಳು ಒತ್ತಿಸಿ ಹಣ ಕೊಡುತ್ತಾರೆ. ಅದು ಬೇರೆ ಖಾತೆ, ಅದರ ಬಡ್ಡಿಯೂ ಬೇರೆ, ಕಡಿಮೆ. ಎರಡನ್ನೂ ಒಂದೇ ಎಂದು ತಿಳಿದವರು ನಮ್ಮ ಊರಲ್ಲಿ ಬಹಳ ಮಂದಿ.

ಹೆಣ್ಣುಮಗು ಅಂದ ಕೂಡಲೇ ಸುಕನ್ಯಾ ಸಮೃದ್ಧಿಯ ನೆನಪಾಗುವುದು ಸಹಜ. 2015ರಲ್ಲಿ ಬಂದ ಈ ಖಾತೆಯನ್ನು ಮಗಳಿಗೆ ಹತ್ತು ತುಂಬುವ ಮೊದಲೇ ತೆರೆಯಬೇಕು. ಅದು ಅಪ್ಪ-ಅಮ್ಮ ದೂರದ ಖರ್ಚಿಗೆ ಕೂಡಿಡುವ ಹಣ. ಮಗಳು ನಡೆಸಿ ಕಲಿಯುವ ಖಾತೆ ಅಲ್ಲ.

ಬ್ಯಾಂಕಿನಲ್ಲಿ ಕೇಳಬೇಕಾದ್ದು

ಬ್ಯಾಂಕಿನ ಮಟ್ಟಿಗೆ ನಾವು ಕರಾವಳಿಯವರು ಪುಣ್ಯವಂತರು. ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಹುಟ್ಟಿದ್ದೇ ಇಲ್ಲಿ, 1928ರಲ್ಲಿ, ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕಿನಿಂದ. ಅದು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ ಸೇರಿತು. ಕಾರ್ಪೊರೇಶನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾಕ್ಕೆ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಇನ್ನೊಂದು ಗ್ರಾಮೀಣ ಬ್ಯಾಂಕೂ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಮಕ್ಕಳ ಹಳೆಯ ಪಾಸ್‌ಬುಕ್ ಮನೆಯಲ್ಲಿದ್ದವರು ಅದರಲ್ಲಿರುವ ಐಎಫ್‌ಎಸ್‌ಸಿ ಕೋಡು ಈಗಿನದ್ದೇ ಎಂದು ನೋಡಿಕೊಂಡೇ ಶಾಲೆಗೆ ಕೊಡಿ.

ಬ್ಯಾಂಕಿನಲ್ಲಿ ನಾನು ಮೊದಲು ಕೇಳಿದ್ದು ಬಡ್ಡಿ ಅಲ್ಲ, ಖರ್ಚು. ಕನಿಷ್ಠ ಇಷ್ಟು ಇಡಬೇಕು ಎಂದು ಉಂಟಾ? ಕಾರ್ಡಿಗೆ ವರ್ಷಕ್ಕೆಷ್ಟು? ಮೊಬೈಲಿಗೆ ಬರುವ ಮೆಸೇಜಿಗೂ ದುಡ್ಡು ಉಂಟಾ? ಈ ಮೂರು ಸೇರಿದರೆ ಸಣ್ಣ ಖಾತೆಯ ವರ್ಷದ ಬಡ್ಡಿ ನುಂಗಿ ಅಸಲಿಗೂ ಕೈಹಾಕುತ್ತವೆ. ನಾಲ್ಕು ಸಾವಿರಕ್ಕೆ ಶೇ. 2.5ರಂತೆ ಬರುವುದು ನೂರು ರೂಪಾಯಿ. ಕಾರ್ಡಿನ ಬಾಬ್ತಿಗೆ ಅದಕ್ಕಿಂತ ಹೆಚ್ಚು ಮುರಿದುಕೊಂಡರೆ ಮಗು ಕಲಿಯುವ ಪಾಠ ಯಾವುದು? ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಕನಿಷ್ಠ ಮೊತ್ತ ಇಲ್ಲದ್ದಕ್ಕೆ ಹಾಕುವ ದಂಡ ಕೈಬಿಟ್ಟಿವೆ. ಪೇಟೆಯ ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಹಾಗಲ್ಲ, ಹೊಳೆಯುವ ಕಾರ್ಡಿನ ಹಿಂದೆ ಸಾವಿರಗಟ್ಟಲೆ ಇಡಬೇಕೆಂಬ ನಿಯಮ ಇರುವುದು ಸಾಮಾನ್ಯ.

ಎಲ್ಲ ಬ್ಯಾಂಕುಗಳೂ ಕೊಡಲೇಬೇಕಾದ ಇನ್ನೊಂದು ಬಗೆ ಉಂಟು: ಮೂಲ ಉಳಿತಾಯ ಖಾತೆ. ಏನೂ ಇಡಬೇಕಿಲ್ಲ, ಕಾರ್ಡಿಗೆ ವಾರ್ಷಿಕ ಶುಲ್ಕ ಇಲ್ಲ. ತಿಂಗಳಿಗೆ ಕನಿಷ್ಠ ನಾಲ್ಕು ಸಲ ಹಣ ತೆಗೆಯಲು ಶುಲ್ಕವಿಲ್ಲ. 2014ರ ಜನಧನ ಖಾತೆ ಇದೇ ಜಾತಿಯದ್ದು, ಅದನ್ನೂ ಹತ್ತು ವರ್ಷದಿಂದ ಮೇಲಿನವರು ತೆರೆಯಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ.

ಮಕ್ಕಳಿಗೆಂದೇ ಮಾಡಿದ ಖಾತೆಗಳಲ್ಲಿ ಹಣ ತೆಗೆಯುವುದಕ್ಕೆ ಮಿತಿ ಇರುತ್ತದೆ. ಸ್ಟೇಟ್ ಬ್ಯಾಂಕಿನ 'ಪೆಹಲಿ ಉಡಾನ್' ಹತ್ತು ದಾಟಿದವರು ಒಬ್ಬರೇ ನಡೆಸುವ ಖಾತೆ. ಎಟಿಎಂನಲ್ಲಿ ದಿನಕ್ಕೆ 5,000 ರೂ., ಮೊಬೈಲಿನಲ್ಲಿ 2,000 ರೂ. ದಾಟುವಂತಿಲ್ಲ. ಅಲ್ಲಿಯೇ 'ಪೆಹಲಾ ಕದಮ್' ಅಂದರೆ ಪೋಷಕರ ಜತೆ ಜಂಟಿ. ಮಿತಿಯನ್ನು ಮಗಳು ಕೊರತೆ ಎಂದಳು. ನನಗೆ ಅದೇ ದೊಡ್ಡ ಗುಣ. ಕಾರ್ಡು ಕಳೆದರೂ ಹೋಗುವುದು ಅಷ್ಟೇ.

ಒಬ್ಬ ನೆರೆಕರೆಯವರ ಸಂಶಯ ಬೇರೆ ಇತ್ತು. 'ನನ್ನ ಸಾಲ ಇರುವ ಬ್ಯಾಂಕಿನಲ್ಲೇ ಮಗನ ಖಾತೆ ಮಾಡಿದ್ರೆ ಅವನ ದುಡ್ಡು ಹಿಡ್ಕೊಳ್ಳುದಿಲ್ವಾ ಮಾರಾಯ್ರೇ?' ಈ ಹೆದರಿಕೆ ಬೆಳೆಸಾಲ ಇರುವ ಎಲ್ಲರಲ್ಲೂ ಒಂದಿಷ್ಟು ಉಂಟು. ಮಗನ ಹೆಸರಿನ ಖಾತೆಯ ಹಣ ಮಗನದ್ದು. ಅಪ್ಪನ ಸಾಲಕ್ಕೆ ಅದನ್ನು ಹೊಂದಿಸಿಕೊಳ್ಳುವ ಹಾಗಿಲ್ಲ. ಮಕ್ಕಳ ಖಾತೆಗೆ ಸಾಲವನ್ನೂ ಕೊಡುವುದಿಲ್ಲ, ಇದ್ದದ್ದಕ್ಕಿಂತ ಹೆಚ್ಚು ತೆಗೆಯಲೂ ಬಿಡುವುದಿಲ್ಲ. ಆದರೂ ಮನಸ್ಸಿಗೆ ನೆಮ್ಮದಿ ಬೇಕಾದರೆ ಬೇರೆ ಬ್ಯಾಂಕಿನಲ್ಲಿ ಮಾಡಿ. ಅದರಿಂದ ನಷ್ಟ ಇಲ್ಲ.

ಆಧಾರ್ ಎಂಬ ಗಂಟು

ಹೆಚ್ಚು ಮಂದಿ ಸೋತು ಹೋಗುವುದು ಇಲ್ಲಿ. ಪಕ್ಕದ ಮನೆಯ ಹುಡುಗ ಪಿಯುಸಿಗೆ ಸೇರಿದಾಗ ಹೊಸ ಖಾತೆ ಮಾಡಿ ನಂಬ್ರವನ್ನು ಕಾಲೇಜಿಗೆ ಕೊಟ್ಟ. ಸ್ಕಾಲರ್‌ಶಿಪ್ ಮಂಜೂರಾಗಿದೆ ಎಂದು ಕಂಪ್ಯೂಟರ್ ಹೇಳುತ್ತದೆ, ಪಾಸ್‌ಬುಕ್ಕಿನಲ್ಲಿ ಇಲ್ಲ. ನಾಲ್ಕು ತಿಂಗಳು ಅಲೆದ ಮೇಲೆ ಗೊತ್ತಾಯಿತು. ನಾಲ್ಕನೇ ತರಗತಿಯಲ್ಲಿರುವಾಗ ಶಾಲೆಯ ಮೂಲಕ ಮಾಡಿದ್ದ ಹಳೆಯ ಖಾತೆಗೆ ಹಣ ಹೋಗಿದೆ. ಎರಡು ವರ್ಷ ವ್ಯವಹಾರ ಇಲ್ಲದ್ದರಿಂದ ಆ ಖಾತೆ ನಿಂತು ಹೋಗಿತ್ತು. ಹುಡುಗನ ಅಮ್ಮ ಎರಡು ದಿನದ ಕೂಲಿ ಬಿಟ್ಟು ಪೇಟೆಗೆ ಹೋಗಿ ಅದನ್ನು ಜೀವಂತ ಮಾಡಿಸಿದರು.

ಕಾರಣ ಇಷ್ಟೇ. ಖಾತೆಗೆ ಆಧಾರ್ ಪ್ರತಿ ಕೊಡುವುದು ಒಂದು. ಸರಕಾರದ ಹಣ ಬರಲು ಆಧಾರನ್ನು ಒಂದು ಬ್ಯಾಂಕಿಗೆ ಜೋಡಿಸುವುದು ಇನ್ನೊಂದು, ಇದನ್ನು 'ಸೀಡಿಂಗ್' ಎನ್ನುತ್ತಾರೆ. ಎಷ್ಟು ಖಾತೆ ಇದ್ದರೂ ಸೀಡಿಂಗ್ ಒಂದು ಸಮಯಕ್ಕೆ ಒಂದೇ ಬ್ಯಾಂಕಿಗೆ. ಕೊನೆಗೆ ಎಲ್ಲಿ ಮಾಡಿದೆವೋ ಅಲ್ಲಿಗೇ ಹಣ. ಹೊಸ ಖಾತೆಯ ಫಾರಂ ಜತೆ ಸೀಡಿಂಗಿಗೆ ಬೇರೆ ಒಪ್ಪಿಗೆ ಪತ್ರ ಕೊಟ್ಟಿದ್ದೇವೆಯೇ ಎಂದು ಕೇಳಿ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಆಧಾರ್‌ನವರ ಜಾಲತಾಣದಲ್ಲಿ ಮೊಬೈಲಿಗೆ ಬರುವ ಒಟಿಪಿ ಹಾಕಿ ನೋಡಬಹುದು.

ಇದಕ್ಕಿಂತ ಮೊದಲಿನ ಕೆಲಸ ಇನ್ನೊಂದು ಉಂಟು. ಮಕ್ಕಳಿಗೆ 15 ತುಂಬಿದಾಗ ಆಧಾರಿನ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. 15ರಿಂದ 17ರೊಳಗೆ ಮಾಡಿಸಿದರೆ ಶುಲ್ಕ ಇಲ್ಲ. ಮಾಡಿಸದಿದ್ದರೆ ಬ್ಯಾಂಕಿನಲ್ಲಿ ಬೆರಳು ಒತ್ತಿದಾಗ ಹೊಂದಾಣಿಕೆ ಆಗುವುದಿಲ್ಲ. ನಮ್ಮ ಮಗಳದ್ದು ಐದು ವರ್ಷದ ಬೆರಳು ಅಲ್ಲಿ ಕೂತಿತ್ತು. ಹೆಸರಿನ ಅಕ್ಷರವೂ ಹಾಗೆ. ಆಧಾರ್, ಶಾಲೆಯ ದಾಖಲೆ, ಬ್ಯಾಂಕು ಮೂರರಲ್ಲೂ ಇಂಗ್ಲಿಷ್ ಅಕ್ಷರ ಒಂದೇ ಇರಲಿ. ಅಪ್ಪನ ಹೆಸರಿನ ಮೊದಲಕ್ಷರ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ ಇದ್ದರೆ ಆ ಗಂಟು ಬಿಡಿಸುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬರುವ ಮೊದಲೇ ಸುಲಭ.

ಮೊಬೈಲು ಯಾರದ್ದು?

18 ಆಗದವರ ಹೆಸರಿನಲ್ಲಿ ಸಿಮ್ ಕೊಡುವುದಿಲ್ಲ. ಹಾಗಾಗಿ ಖಾತೆಗೆ ನನ್ನದೇ ನಂಬ್ರ. ಮಗಳು ಎಷ್ಟು ತೆಗೆದರೂ ಮೆಸೇಜು ನನಗೆ ಬರುತ್ತದೆ. ಒಟಿಪಿಯೂ ನನಗೇ, ನಾನು ಬೋರ್ಡೋ ಸಿಂಪಡಣೆಯಲ್ಲಿ ತೋಟದ ತುದಿಯಲ್ಲಿದ್ದರೂ. ಇದು ಕಿರಿಕಿರಿ ಹೌದು, ಆದರೆ ಇರಲಿ ಎಂದು ಬಿಟ್ಟಿದ್ದೇನೆ. ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ ಬೇಕಾದರೆ 2024ರಲ್ಲಿ ಬಂದ 'ಯುಪಿಐ ಸರ್ಕಲ್' ಉಂಟು. ಹಣ ನಮ್ಮ ಖಾತೆಯಿಂದಲೇ ಹೋಗುತ್ತದೆ, ತಿಂಗಳಿಗೆ 15,000 ರೂ. ಮೀರದಂತೆ ಮಿತಿಯನ್ನು ನಾವೇ ಇಡಬಹುದು.

ನನಗೆ ನಿಜವಾಗಿ ಹೆದರಿಕೆ ಇರುವುದು ಮಕ್ಕಳು ಖರ್ಚು ಮಾಡುವುದರ ಬಗ್ಗೆ ಅಲ್ಲ. ಕಾಲೇಜು ಹುಡುಗರ ಖಾತೆಯನ್ನು ಬಾಡಿಗೆಗೆ ಕೇಳುವವರಿದ್ದಾರೆ. 'ನಿನ್ನ ಅಕೌಂಟಿಗೆ ದುಡ್ಡು ಬರ್ತದೆ, ತೆಗ್ದು ಕೊಟ್ರೆ ಸಾಕು, ಎರಡು ಸಾವಿರ ನಿಂಗೆ' ಎನ್ನುತ್ತಾರೆ. ಬರುವುದು ಯಾರನ್ನೋ ಮೋಸ ಮಾಡಿ ದೋಚಿದ ಹಣ. ದೋಚಿದವನು ಸಿಗುವುದಿಲ್ಲ, ಖಾತೆ ಯಾರದ್ದೋ ಅವನಿಗೆ ಹೊರ ರಾಜ್ಯದ ಪೊಲೀಸರಿಂದ ನೋಟೀಸು. ಖಾತೆ ಸ್ತಂಭನ, ಅದರ ಜತೆ ಸ್ಕಾಲರ್‌ಶಿಪ್ಪೂ. ಸಣ್ಣ ರೈತನ ಮನೆಯಲ್ಲಿ ವಕೀಲರಿಗೆ ಕೊಡಲು ಎಲ್ಲಿಂದ ತರುವುದು? ಹಾಗಾಗಿ ಕಾರ್ಡು ಕೈಗೆ ಕೊಡುವ ದಿನವೇ ಮಗಳ ಹತ್ತಿರ ಕೂತು ಇದನ್ನು ಹೇಳಿದೆ. ಪಾಸ್‌ಬುಕ್ಕು, ಕಾರ್ಡು, ಪಿನ್ ಗೆಳತಿಗೂ ಇಲ್ಲ, ಅಣ್ಣನಿಗೂ ಇಲ್ಲ. ಹಣ ಬರಲು ಪಿನ್ ಒತ್ತಬೇಕಿಲ್ಲ, ಪಿನ್ ಕೇಳಿದರೆ ಅದು ಹೋಗುವ ಹಣ. ಹೋಗಿಯೇಬಿಟ್ಟರೆ ಕೂಡಲೇ 1930ಕ್ಕೆ ಫೋನು.

ಕೊನೆಗೆ ನಾವು ಮಾಡಿದ್ದು ಎರಡು ಖಾತೆ. ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವಳೊಬ್ಬಳದ್ದೇ ಹೆಸರಿನ ಒಂದು, ಕಾರ್ಡು ಮತ್ತು ಆಧಾರ್ ಜೋಡಣೆ ಅದಕ್ಕೆ. ಪೋಸ್ಟಿನಲ್ಲಿ ಇನ್ನೊಂದು, ಪುನರ್ಪುಳಿ ಹಣಕ್ಕೆ. ಎರಡು ಬೇಡ, ಒಂದೇ ಸಾಕು ಎನ್ನುವವರಿಗೆ ನಾನು ಬ್ಯಾಂಕನ್ನೇ ಹೇಳುವುದು, ಅದು ಎಂಟು-ಹತ್ತು ಕಿಲೋಮೀಟರಿನ ಒಳಗಿದ್ದರೆ. ಫಾರಂ ಅವಳೇ ತುಂಬಿದಳು. ಸಹಿ ಕನ್ನಡದಲ್ಲಿ ಹಾಕಬಹುದಾ ಎಂದು ಕೇಳಿದಳು. ಧಾರಾಳ ಹಾಕಬಹುದು, ಪ್ರತಿ ಸಲ ಒಂದೇ ರೀತಿ ಬಂದರೆ ಆಯಿತು ಎಂದರು ಕೌಂಟರಿನವರು. ಮನೆಯಲ್ಲಿ ರಫ್ ಪುಸ್ತಕದ ಎರಡು ಪುಟ ಸಹಿಯಿಂದಲೇ ತುಂಬಿತು.

18 ತುಂಬಿದ ಮೇಲೆ ಈ ಖಾತೆ ಹಾಗೇ ಮುಂದುವರಿಯುವುದಿಲ್ಲ. ಹೊಸ ಸಹಿ ಮಾದರಿ, ಹೊಸ ಒಪ್ಪಿಗೆ, ಫೋಟೋ, ದಾಖಲೆ ಎಲ್ಲ ಕೊಡಬೇಕು. ಅಲ್ಲಿಯ ವರೆಗೆ ವ್ಯವಹಾರ ತಡೆಯಬಹುದು, ಅದು ಡಿಗ್ರಿ ಕಾಲೇಜಿನ ಫೀಸು ಕಟ್ಟುವ ಸಮಯಕ್ಕೇ ಬರುವುದು ಹೆಚ್ಚು. ಬರುವ ಹುಟ್ಟುಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಶಾಖೆಯಲ್ಲಿ ಕೇಳಿ ಪಾನ್ ಕಾರ್ಡಿನ ಕೆಲಸವನ್ನೂ ಶುರುಮಾಡಿಟ್ಟರೆ ಆಗ ಓಡಾಟ ಕಡಿಮೆ. ಆಗ ಫಾರಂ ಜತೆಗೆ 20 ರೂ. ಮತ್ತು 436 ರೂ.ಗಳ ಎರಡು ವಿಮೆಗೆ ಸಹಿ ಕೇಳುತ್ತಾರೆ. ಅಪಘಾತದ್ದು ಒಂದು, ಜೀವವಿಮೆ ಒಂದು. ಎರಡೂ 18ರ ಮೇಲಿನವರಿಗೆ, ವರ್ಷ ವರ್ಷ ಖಾತೆಯಿಂದ ತಾನಾಗಿ ಮುರಿಯುವಂಥವು. ಬೇಕೋ ಬೇಡವೋ ಎಂದು ಆಗ ಅವಳೇ ಓದಿ ಹೇಳಲಿ.